ಹೊಸ ಮುಚ್ಚಳ ಹಾಕಿದ ಮೇಲೆ ಟ್ರಕ್ ನಿಲ್ಲುವುದೇಕೆ?

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿದ್ದೇನೆ. ನನ್ನಲ್ಲಿ 1969ರ ಶೆವರ್ಲೆ ಸಿ-10 ಪಿಕಪ್ ಇದೆ. ಪೆಟ್ರೋಲ್ ಟ್ಯಾಂಕಿನ ಹಳೆಯ ಮುಚ್ಚಳಕ್ಕೆ ತುಕ್ಕು ಹಿಡಿದಿತ್ತೆಂದು ಅಂಗಡಿಯಿಂದ ಹೊಸದು ತಂದು ಹಾಕಿದೆ. ಅಳತೆ ಸರಿಯಾಗಿದೆ, ಬಿಗಿಯಾಗಿಯೂ ಕೂತಿದೆ. ಅಲ್ಲಿಂದೀಚೆಗೆ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋಗುತ್ತಲೇ ಎಂಜಿನ್ ಎಳೆಯದೆ, ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಕ್ಯಾಬಿನೊಳಗೆ ಪೆಟ್ರೋಲ್ ವಾಸನೆಯೂ ಇದೆ. ಇದಕ್ಕೂ ಮುಚ್ಚಳಕ್ಕೂ ಸಂಬಂಧವಿದೆಯೇ? ಸರಿಯಾದ ಮುಚ್ಚಳ ಆರಿಸುವುದು ಹೇಗೆ?

ಉತ್ತರ: ಎಂಜಿನ್ ನಿಲ್ಲುವುದಕ್ಕೂ ಮುಚ್ಚಳಕ್ಕೂ ಸಂಬಂಧ ಇರುವ ಸಾಧ್ಯತೆ ಬಹಳ ಹೆಚ್ಚು. ವಾಸನೆಯ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಖರ್ಚಿಲ್ಲದ ಪರೀಕ್ಷೆಯೊಂದನ್ನು ಮಾಡಿ. ಮುಂದಿನ ಸಲ ಎಂಜಿನ್ ನಿಂತಾಗ ಗಾಡಿಯನ್ನು ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ತಂದು ನಿಲ್ಲಿಸಿ. ಕಿವಿಯನ್ನು ಮುಚ್ಚಳದತ್ತ ಕೊಟ್ಟು, ಮುಖವನ್ನು ಮಾತ್ರ ದೂರವಿಟ್ಟುಕೊಂಡು, ನಿಧಾನವಾಗಿ ತಿರುಗಿಸಿ. ‘ಸುಯ್’ ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು ಕೇಳಿಸಿ, ಮುಚ್ಚಳ ಸಡಿಲ ಮಾಡಿದ ಕೂಡಲೇ ಎಂಜಿನ್ ಸಲೀಸಾಗಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಎಂದು ತಿಳಿಯಿರಿ. ನೀವು ತಂದಿರುವುದು ಗಾಳಿಯಾಡದ ಮುಚ್ಚಳ, ಅಂದರೆ ನಾನ್-ವೆಂಟೆಡ್. ನಿಮ್ಮ ಟ್ರಕ್ಕಿಗೆ ಬೇಕಾದದ್ದು ವೆಂಟೆಡ್.

ಊರಲ್ಲಿ ಹಳೆಯ ಜಾವಾ, ಯೆಜ್ಡಿ ಓಡಿಸಿದವರಿಗೆ ಈ ಅನುಭವ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಆ ಗಾಡಿಗಳ ಟ್ಯಾಂಕ್ ಮುಚ್ಚಳದಲ್ಲಿ ಸಣ್ಣದೊಂದು ಗಾಳಿದಾರಿ ಇರುತ್ತದೆ. ಅದರಲ್ಲಿ ದೂಳು, ಪಾಲಿಷ್ ಮೆತ್ತಿಕೊಂಡಿತೆಂದರೆ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದೂ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ ಬಂದು ಮುಚ್ಚಳ ತೆರೆದು ಮುಚ್ಚಿ, ‘ಏರ್ ಲಾಕ್ ಆಗಿತ್ತು ಸಾರ್’ ಎಂದು ಕಿಕ್ ಹೊಡೆದರೆ ಸ್ಟಾರ್ಟ್. ಬೈಕಿನಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ, ನಿಮ್ಮ ಟ್ರಕ್ಕಿನಲ್ಲಿ ಪಂಪು ಎಳೆದುಕೊಳ್ಳುತ್ತದೆ. ವ್ಯತ್ಯಾಸ ಅಷ್ಟೇ.

ಸಿ-10ನಲ್ಲಿ ಎಂಜಿನ್ನಿನ ಬದಿಗೆ ಬೋಲ್ಟ್ ಮಾಡಿರುವ ಪಂಪನ್ನು ಕ್ಯಾಮ್‌ಶಾಫ್ಟ್ ನಡೆಸುತ್ತದೆ. ಹೆದ್ದಾರಿಯ ವೇಗದಲ್ಲಿ ಇಂಥ ಟ್ರಕ್ಕು ಗಂಟೆಗೆ ನಾಲ್ಕೈದು ಗ್ಯಾಲನ್ ಕುಡಿಯುತ್ತದೆ. ಐದು ಗ್ಯಾಲನ್ ಎಂದರೆ ಸುಮಾರು 19 ಲೀಟರ್. ಅಷ್ಟು ಪೆಟ್ರೋಲ್ ಹೊರಹೋದರೆ ಆ ಜಾಗಕ್ಕೆ ಅಷ್ಟೇ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕಿನೊಳಗೆ ಒತ್ತಡ ಇಳಿಯುತ್ತದೆ, ಪಂಪು ಎಷ್ಟು ಹೀರಿದರೂ ಪೆಟ್ರೋಲ್ ಮೇಲೇಳುವುದಿಲ್ಲ. ಕಾರ್ಬ್ಯುರೇಟರಿನ ಬಟ್ಟಲು ಬರಿದಾಗುತ್ತದೆ, ಎಂಜಿನ್ ಕೆಮ್ಮುತ್ತದೆ. ನಿಲ್ಲಿಸಿ ಕಾದರೆ ಒಳಗಿನ ಪೆಟ್ರೋಲ್ ಆವಿಯಾಗಿ ಒತ್ತಡ ಸ್ವಲ್ಪ ಏರುತ್ತದೆ, ಎಲ್ಲೋ ಒಂದು ಸಂದಿನಿಂದ ಗಾಳಿಯೂ ಸ್ವಲ್ಪ ಒಳಸೇರುತ್ತದೆ. ಅದಕ್ಕೇ ನಿಮ್ಮ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತಿರುವುದು.

ಇಲ್ಲಿ ಅನೇಕರನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ಟ್ಯಾಂಕ್ ತುಂಬಿಸಿ ಹೊರಟಾಗಲೇ ತೊಂದರೆ ಬೇಗ ಕಾಣಿಸುತ್ತದೆ, ಅರೆಖಾಲಿ ಇದ್ದಾಗ ತಡವಾಗುತ್ತದೆ. ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲಿನ ಮೇಲೆ ನಾಲ್ಕು ಲೀಟರ್ ಗಾಳಿ ಇದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಹೋದರೆ ಅದೇ ಗಾಳಿ ಐದು ಲೀಟರ್ ಜಾಗಕ್ಕೆ ಹಿಗ್ಗಬೇಕು. ಆವಿ ಆ ಕೊರತೆಯನ್ನು ಕೊಂಚ ತುಂಬಿಕೊಟ್ಟರೂ ಒತ್ತಡ ಚೆನ್ನಾಗಿಯೇ ಇಳಿಯುತ್ತದೆ. ಅರ್ಧ ಟ್ಯಾಂಕಿನಲ್ಲಾದರೆ ನಲವತ್ತು ಲೀಟರಿನಷ್ಟು ಗಾಳಿ ಇರುತ್ತದೆ, ಒಂದೆರಡು ಲೀಟರಿನ ವ್ಯತ್ಯಾಸ ಅದಕ್ಕೆ ಲೆಕ್ಕಕ್ಕೇ ಇಲ್ಲ. ‘ಟ್ಯಾಂಕ್ ಫುಲ್ ಇದೆ, ಆದರೂ ಪೆಟ್ರೋಲ್ ಬರುತ್ತಿಲ್ಲ’ ಎಂದು ಒಳ್ಳೆಯ ಪಂಪನ್ನು ಕಿತ್ತು ಹೊಸದು ಹಾಕಿಸಿದವರು ಅನೇಕರು.

ಟೆಕ್ಸಾಸ್‌ನ ಬೇಸಿಗೆಯಲ್ಲಿ ಇದನ್ನು ‘ವೇಪರ್ ಲಾಕ್’ ಎಂದು ಕರೆದು ಸುಮ್ಮನಾಗುವವರೂ ಇದ್ದಾರೆ. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಕುದಿದು ಗುಳ್ಳೆಯಾಗುವುದು ವೇಪರ್ ಲಾಕ್. ಒತ್ತಡ ಕಡಿಮೆಯಾದಷ್ಟೂ ಯಾವ ದ್ರವವಾದರೂ ಕಡಿಮೆ ಬಿಸಿಗೇ ಕುದಿಯುತ್ತದೆ. ಹಾಗಾಗಿ ಮುಚ್ಚಳ ಗಾಳಿ ಬಿಡದಿದ್ದರೆ ಹೀರುವ ಕಡೆಯ ಪೈಪಿನಲ್ಲಿ ವೇಪರ್ ಲಾಕ್ ನಿಜವಾಗಿಯೂ ಬೇಗ ಬರುತ್ತದೆ. ಪೈಪಿಗೆ ಬಟ್ಟೆ ಸುತ್ತುವ ಮುಂಚೆ, ಪಂಪು ಬದಲಿಸುವ ಮುಂಚೆ ಮುಚ್ಚಳ ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಹಾಗೇ ಬಿಟ್ಟು ಓಡಿಸುತ್ತಲೇ ಇದ್ದರೆ ಟ್ಯಾಂಕಿಗೂ ಪೆಟ್ಟು. ಒಳಗೂ ಹೊರಗೂ ಒತ್ತಡದಲ್ಲಿ ಒಂದು ಪಿಎಸ್‌ಐ ವ್ಯತ್ಯಾಸವಾದರೂ ಸಾಕು, ಪ್ರತಿ ಚದರ ಅಡಿ ತಗಡಿನ ಮೇಲೆ 144 ಪೌಂಡ್, ಅಂದರೆ ಸುಮಾರು 65 ಕೆ.ಜಿ. ಭಾರ ಹೇರಿದಂತಾಗುತ್ತದೆ. ಐವತ್ತು ವರ್ಷ ದಾಟಿದ ತಗಡು ಒಳಕ್ಕೆ ಕುಸಿಯುತ್ತದೆ, ಬೆಸುಗೆಯ ಅಂಚು ಬಿಡುತ್ತದೆ.

ಅಳತೆ ಸರಿಯಿದ್ದ ಮುಚ್ಚಳ ತಪ್ಪು ಹೇಗಾಯಿತು ಎಂದು ನೀವು ಕೇಳಬಹುದು. ಒಂದೇ ಅಳತೆಯ, ಒಂದೇ ಬಗೆಯ ಕೊಕ್ಕೆಯ ಮುಚ್ಚಳಗಳು ವೆಂಟೆಡ್, ನಾನ್-ವೆಂಟೆಡ್ ಎರಡೂ ಬಗೆಯಲ್ಲಿ ಬರುತ್ತವೆ. ಹೊರಗಿನಿಂದ ನೋಡಿದರೆ ಗುರುತೇ ಸಿಗುವುದಿಲ್ಲ. ಇದರ ಹಿಂದೆ ಇರುವುದು ಅಮೆರಿಕದ ವಾಯುಮಾಲಿನ್ಯ ಕಾನೂನಿನ ಚರಿತ್ರೆ. 1960ರ ದಶಕದವರೆಗೆ ಟ್ಯಾಂಕಿನ ಆವಿ ಮುಚ್ಚಳದ ಮೂಲಕವೇ ಆಕಾಶಕ್ಕೆ ಹೋಗುತ್ತಿತ್ತು. ಗಾಡಿ ಸುಮ್ಮನೆ ನಿಂತಿದ್ದರೂ ಬಿಸಿಲಿಗೆ ಪೆಟ್ರೋಲ್ ಆವಿ ಹೊರಬೀಳುತ್ತದೆ, ಲಾಸ್ ಏಂಜಲಿಸ್‌ನ ಹೊಗೆಮಂಜಿಗೆ ಅದರದೂ ಪಾಲಿತ್ತು. ಕ್ಯಾಲಿಫೋರ್ನಿಯಾ 1970ರ ಮಾದರಿಗಳಿಂದ ಆ ಆವಿಯನ್ನು ಹಿಡಿದಿಡುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. 1971ರ ಮಾದರಿಗಳಿಂದ ಕಾರುಗಳಿಗೆ ಅದು ಇಡೀ ದೇಶದಲ್ಲಿ ಬಂತು. ಈ ವ್ಯವಸ್ಥೆಯಲ್ಲಿ ಟ್ಯಾಂಕಿನ ನೆತ್ತಿಯಿಂದ ಹೊರಟ ಸಣ್ಣ ಪೈಪು ಆವಿಯನ್ನು ಇದ್ದಿಲು ತುಂಬಿದ ಡಬ್ಬಿಗೆ ಒಯ್ಯುತ್ತದೆ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಂಡು, ಎಂಜಿನ್ ಓಡುವಾಗ ಬಿಟ್ಟುಕೊಡುತ್ತದೆ. ಅಂಥ ಗಾಡಿಯಲ್ಲಿ ಟ್ಯಾಂಕಿನ ಉಸಿರಾಟ ಆ ಪೈಪಿನ ಕೆಲಸ. ಮುಚ್ಚಳ ಆವಿಯನ್ನು ಹೊರಬಿಡಕೂಡದು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಟ್ಯಾಂಕಿಗೆ ಗಾಳಿ ಬರುವ ದಾರಿ ಯಾವುದು? ವ್ಯಾಸ, ಹೊಳಪು, ಬೀಗ, ಬೆಲೆ ಎಲ್ಲ ಆಮೇಲೆ.

ನಿಮ್ಮದು 1969ರ ಮಾದರಿ, ಇದ್ದಿಲು ಡಬ್ಬಿಯ ಕಾಲಕ್ಕಿಂತ ಹಿಂದಿನದು. ಹಾಗಾಗಿ ಮೂಲದಲ್ಲಿ ವೆಂಟೆಡ್ ಮುಚ್ಚಳವೇ ಇದ್ದದ್ದು. ಆದರೆ ಇಷ್ಟು ಹಳೆಯ ಗಾಡಿಗೆ ಎಷ್ಟು ಕೈ ಬಿದ್ದಿರುತ್ತದೋ ಯಾರು ಬಲ್ಲರು? ಸೀಟಿನ ಬೆನ್ನನ್ನು ಮುಂದಕ್ಕೆ ಬಾಗಿಸಿ ಟ್ಯಾಂಕನ್ನು ಒಮ್ಮೆ ಕಣ್ಣಾರೆ ನೋಡಿ. 1967ರಿಂದ 1972ರವರೆಗಿನ ಈ ಪೀಳಿಗೆಯಲ್ಲಿ ಸುಮಾರು 20 ಗ್ಯಾಲನ್ನಿನ ಟ್ಯಾಂಕು ಕ್ಯಾಬಿನೊಳಗೆ, ಸೀಟಿನ ಹಿಂದೆಯೇ ಇರುತ್ತದೆ. ತುಂಬುವ ಬಾಯಿ ಡ್ರೈವರ್ ಬಾಗಿಲಿನ ಹಿಂದೆ, ಕ್ಯಾಬಿನ ಮೂಲೆಯಲ್ಲಿ. ಟ್ಯಾಂಕಿನ ಮೇಲೆ ಹೆಚ್ಚುವರಿ ಸಣ್ಣ ಪೈಪುಗಳಿದ್ದು ಅವು ಎಂಜಿನ್ ಕಡೆಯ ಕಪ್ಪು ಡಬ್ಬಿಗೆ ಹೋಗಿದ್ದರೆ ಯಾರೋ ನಂತರದ ವರ್ಷದ ಟ್ಯಾಂಕ್ ತಂದು ಕೂರಿಸಿದ್ದಾರೆ ಎಂದರ್ಥ. ಇನ್ನು ಕೆಲವರು ಕ್ಯಾಬಿನಲ್ಲಿ ಪೆಟ್ರೋಲ್ ಬೇಡವೆಂದು ಅದೇ ಕಾಲದ ಬ್ಲೇಜರಿನ ಟ್ಯಾಂಕನ್ನು ಹಿಂಬದಿಯಲ್ಲಿ, ಚಾಸಿಯ ನಡುವೆ ತೂಗುಹಾಕಿಕೊಳ್ಳುತ್ತಾರೆ. ಒಳ್ಳೆಯ ಬದಲಾವಣೆಯೇ. ಆದರೆ ಆಗ ಹೊಸ ಟ್ಯಾಂಕಿನ ವೆಂಟ್ ಪೈಪು ಎಲ್ಲಿಗೆ ಹೋಗಿದೆ ಎಂದು ನೋಡಿಯೇ ಮುಚ್ಚಳ ತೀರ್ಮಾನಿಸಬೇಕು. ಕಂಪನಿಯೇ 1973ರ ಹೊಸ ಮಾದರಿಯಲ್ಲಿ ಟ್ಯಾಂಕನ್ನು ಕ್ಯಾಬಿನಿಂದ ತೆಗೆದು ಚಾಸಿಯ ಹೊರಪಕ್ಕಕ್ಕೆ ಹಾಕಿತು. ಪಕ್ಕದಿಂದ ಡಿಕ್ಕಿಯಾದರೆ ಬೆಂಕಿ ಎಂಬ ದೊಡ್ಡ ವಿವಾದ ಮುಂದೆ ಅದಕ್ಕೆ ಸುತ್ತಿಕೊಂಡಿತು. ಅವುಗಳ ಮುಚ್ಚಳದ ಲೆಕ್ಕವೇ ಬೇರೆ, ‘ಸಿ-10’ ಎಂಬ ಹೆಸರೊಂದನ್ನೇ ಹೇಳಿ ಕೊಂಡರೆ ಮೋಸಹೋಗುವುದು ಖಂಡಿತ. ವರ್ಷ, ಟ್ಯಾಂಕ್ ಇರುವ ಜಾಗ, ಇದ್ದಿಲು ಡಬ್ಬಿ ಇದೆಯೋ ಇಲ್ಲವೋ, ಮೂರನ್ನೂ ಹೇಳಿ.

ಕೈಯಲ್ಲಿರುವ ಮುಚ್ಚಳ ಯಾವುದೆಂದು ತಿಳಿಯಲು ಅದನ್ನು ಬೋರಲು ಹಾಕಿ. ಮೇಲುಗಡೆ ಒತ್ತಿ ಮಾಡಿದ ತಗಡಿನ ಬಟ್ಟಲು. ಅದರ ಕೆಳಗೆ ಉಂಗುರದಂಥ ಗ್ಯಾಸ್ಕೆಟ್. ಅದರ ನಡುವಿನಿಂದ ಇಳಿದ ಕುತ್ತಿಗೆಯ ತುದಿಯಲ್ಲಿ ಎರಡು ಪಕ್ಕಕ್ಕೆ ಚಾಚಿದ ಎರಡು ನಾಲಗೆ. ಟ್ಯಾಂಕಿನ ಬಾಯಿಯ ಅಂಚಿನಲ್ಲಿ ಆ ನಾಲಗೆಗಳಿಗೆಂದೇ ಎರಡು ಕಚ್ಚು ಇರುತ್ತವೆ. ಕಚ್ಚಿನಲ್ಲಿ ಇಳಿಸಿ ಕಾಲು ಸುತ್ತು ತಿರುಗಿಸಿದರೆ ನಾಲಗೆಗಳು ಅಂಚಿನ ಕೆಳಗಿನ ಇಳಿಜಾರಿನ ಮೇಲೆ ಜಾರುತ್ತಾ ಗ್ಯಾಸ್ಕೆಟ್ಟನ್ನು ಕೆಳಕ್ಕೆ ಎಳೆದು ಒತ್ತುತ್ತವೆ. ವೆಂಟೆಡ್ ಮುಚ್ಚಳದ ಒಳತಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತೋ, ಸ್ಪ್ರಿಂಗ್ ಹಾಕಿದ ಪುಟ್ಟ ಬಿಲ್ಲೆಯೋ ಕಾಣುತ್ತದೆ. ಅಲ್ಲಿಂದ ಗಾಳಿ ನೇರ ಮೇಲಕ್ಕೆ ಹೋಗದೆ, ಎರಡು ತಗಡಿನ ನಡುವೆ ಬಳಸಿಕೊಂಡು ಅಂಚಿನಿಂದ ಹೊರಬರುತ್ತದೆ. ಈ ಟ್ರಕ್ಕುಗಳ ಮುಚ್ಚಳಕ್ಕೆ ಮೇಲೊಂದು ಬಾಗಿಲಿಲ್ಲ, ಮಳೆ ಬಿಸಿಲಿಗೆ ನೇರ ಒಡ್ಡಿಕೊಂಡಿರುತ್ತದೆ. ನೀರು ಒಳಗಿಳಿಯದಂತೆ, ಕುಲುಕಿದ ಪೆಟ್ರೋಲ್ ಹೊರಗೆ ಚಿಮ್ಮದಂತೆ ಮಾಡಿದ ಬಳಸುದಾರಿ ಅದು. ಕಣ್ಣಿಗೆ ಗೊತ್ತಾಗದಿದ್ದರೆ ಮುಚ್ಚಳವನ್ನು ಒರೆಸಿ ಒಣಗಿಸಿ, ಸಣ್ಣ ರಬ್ಬರ್ ಬಲ್ಬಿನ ಬಾಯನ್ನು ಒಳಗಿನ ತೂತಿಗೆ ಒತ್ತಿ ಹೀರಿಸಿ, ಊದಿಸಿ ನೋಡಿ. ಬಾಯಲ್ಲಿ ಊದುವುದು ಬೇಡ, ಪೆಟ್ರೋಲ್ ಮೈಗೆ ಸೇರುವ ವಸ್ತುವಲ್ಲ.

ಎರಡೂ ಕಡೆ ಗಾಳಿ ಸರಾಗವಾಗಿ ಆಡಿದರೆ ಅದು ಸದಾ ತೆರೆದಿರುವ ವೆಂಟ್. ಹೀರಿದಾಗ ಸುಲಭವಾಗಿ ಬಿಟ್ಟು, ಊದಿದಾಗ ಸ್ವಲ್ಪ ತಡೆದು ಆಮೇಲೆ ಬಿಟ್ಟರೆ ಅದು ವಾಲ್ವ್ ಇರುವ ಬಗೆ. ಇದರಲ್ಲಿ ಗಾಳಿ ಒಳಬರಲು ಅಡ್ಡಿಯಿಲ್ಲ, ಆವಿ ಹೊರಹೋಗಬೇಕಾದರೆ ಒಂದಿಷ್ಟು ಒತ್ತಡ ಕೂಡಬೇಕು. ನಿಮ್ಮ ಟ್ರಕ್ಕಿಗೆ ಎರಡೂ ನಡೆಯುತ್ತವೆ. ಟ್ಯಾಂಕು ಮೈಗಂಟಿದಷ್ಟು ಹತ್ತಿರ ಇರುವಾಗ ನನ್ನ ಒಲವು ವಾಲ್ವ್ ಇರುವುದರ ಕಡೆಗೆ, ಕುಲುಕಾಟಕ್ಕೆ ಪೆಟ್ರೋಲ್ ಸುಲಭವಾಗಿ ಹೊರಬರುವುದಿಲ್ಲ.

ಈಗಿರುವ ಮುಚ್ಚಳಕ್ಕೆ ಡ್ರಿಲ್ಲಿನಿಂದ ಒಂದು ತೂತು ಕೊರೆದರೆ ಸಾಕಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಕೊರೆಯಬೇಡಿ. ಬಳಸುದಾರಿಯಿಲ್ಲದ ನೇರ ತೂತಿನಿಂದ ಮಳೆನೀರು ಟ್ಯಾಂಕಿಗಿಳಿಯುತ್ತದೆ. ಅಮೆರಿಕದ ಬಂಕುಗಳಲ್ಲಿ ಸಿಗುವ ಹೆಚ್ಚಿನ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಂಡು, ಹೆಚ್ಚಾದಾಗ ಅದರೊಂದಿಗೆ ತಳಕ್ಕೆ ಕೂರುತ್ತದೆ, ತಳದ ತಗಡು ತುಕ್ಕಾಗುತ್ತದೆ. ನಿಮ್ಮ ಹಳೆಯ ಮುಚ್ಚಳದ ಒಳಮೈಯೂ ತುಕ್ಕು ಹಿಡಿದಿದ್ದರೆ ಟಾರ್ಚ್ ಹಿಡಿದು ಬಾಯಿಯ ಒಳಗೋಡೆ ನೋಡಿ, ಟ್ಯಾಂಕಿನ ಗತಿಯೂ ಹಾಗೇ ಇರಬಹುದು. ಟಾರ್ಚ್ ಬ್ಯಾಟರಿಯದ್ದೇ ಆಗಿರಲಿ, ಬಲ್ಬಿನ ವೈರು ಎಳೆದುಕೊಂಡು ಹೋಗಬೇಡಿ. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹತ್ತಿಕೊಳ್ಳುವಂಥದ್ದು. ಗಾಳಿಗಿಂತ ಭಾರವಾದ್ದರಿಂದ ಕ್ಯಾಬಿನ ನೆಲದಲ್ಲಿ ತಂಗುತ್ತದೆ.

ಅಳತೆಯ ವಿಷಯಕ್ಕೆ ವ್ಯಾಸವೊಂದೇ ಸಾಲದು. ಬಾಯಿಯ ಒಳವ್ಯಾಸ, ಹೊರವ್ಯಾಸದ ಜೊತೆಗೆ ಅಂಚಿನ ಮೇಲ್ಮೈಯಿಂದ ನಾಲಗೆ ಕಚ್ಚುವ ಇಳಿಜಾರಿನವರೆಗಿನ ಆಳವನ್ನೂ ವರ್ನಿಯರಿನಲ್ಲಿ ಅಳೆಯಿರಿ. ಆಳ ತಪ್ಪಿದ ಮುಚ್ಚಳ ತಿರುಗುತ್ತದೆ, ಕೂತಂತೆಯೂ ಕಾಣುತ್ತದೆ, ಗ್ಯಾಸ್ಕೆಟ್ ಮಾತ್ರ ಒತ್ತಿರುವುದಿಲ್ಲ. ಗ್ಯಾಸ್ಕೆಟ್ ಕಾರ್ಕಿನದಾಗಿದ್ದರೆ ಬೇಡ, ಒಣಗಿ ಸೀಳುತ್ತದೆ. ನೈಟ್ರೈಲ್ ಅಥವಾ ವೈಟಾನ್ ರಬ್ಬರ್ ಎಥನಾಲಿಗೆ ತಾಳುತ್ತದೆ. ಹೊಳೆಯುವ ಅಚ್ಚಿನ ಮುಚ್ಚಳಗಳ ಆಸೆ ಎಲ್ಲರಿಗೂ ಇದ್ದದ್ದೇ. ನನಗೆ ಮಾತ್ರ ಈ ಟ್ರಕ್ಕಿನ ಮೈಗೆ ಸಾದಾ ಉಕ್ಕಿನ ಮುಚ್ಚಳವೇ ಚೆಂದ, ಅದು ಹೊಲಗದ್ದೆಯ ಕೆಲಸಕ್ಕೆಂದು ಹುಟ್ಟಿದ ಗಾಡಿ. ಇಂಡಿಯಾನಾದ ಸ್ಟ್ಯಾಂಟ್‌ನಂಥ, ಮುಚ್ಚಳವನ್ನೇ ಕಸುಬು ಮಾಡಿಕೊಂಡ ಹಳೆಯ ಕಂಪನಿಯದನ್ನು ಕೇಳಿ. ಬೀಗದ ಮುಚ್ಚಳ ಬೇಕೆಂದರೆ ಅದಕ್ಕೂ ಚರಿತ್ರೆಯ ಬಲವಿದೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿ ಬಂಕುಗಳ ಮುಂದೆ ಸಾಲು ಬೆಳೆದಾಗ, ಪೆಟ್ರೋಲ್ ಕಳವಿಗೆ ಹೆದರಿ ಜನ ಬೀಗದ ಮುಚ್ಚಳಗಳಿಗೆ ಮುಗಿಬಿದ್ದಿದ್ದರು. ಬೀಗದ್ದರಲ್ಲೂ ವೆಂಟೆಡ್, ನಾನ್-ವೆಂಟೆಡ್ ಎರಡೂ ಇವೆ ಎಂಬುದು ನೆನಪಿರಲಿ.

ಹಾಕುವ ಕೆಲಸ ಬಯಲಿನಲ್ಲಿ, ಎಂಜಿನ್ ತಣಿದ ಮೇಲೆ. ಬಾಯಿಯ ಅಂಚನ್ನು ಬಟ್ಟೆಯಲ್ಲಿ ಒರೆಸಿ, ಬೆರಳನ್ನು ಸುತ್ತಲೂ ಆಡಿಸಿ. ಬಂಕಿನ ನಳಿಕೆ ತಾಗಿ ತಾಗಿ ಅಂಚು ಎಲ್ಲೋ ಒಂದು ಕಡೆ ತಗ್ಗಿರುತ್ತದೆ. ಅಂಚಿನ ಮೇಲೆ ತೆಳುವಾಗಿ ಸೀಮೆಸುಣ್ಣ ಉಜ್ಜಿ, ಪುಡಿ ಒಳಗೆ ಬೀಳದಂತೆ ನೋಡಿಕೊಂಡು, ಮುಚ್ಚಳ ಹಾಕಿ ತಿರುಗಿಸಿ ತೆಗೆಯಿರಿ. ಗ್ಯಾಸ್ಕೆಟ್ಟಿನ ಮೇಲೆ ಬಿಳಿಯ ಬಳೆ ಪೂರ್ತಿ ಮೂಡಿದ್ದರೆ ಎಲ್ಲ ಕಡೆ ಕೂತಿದೆ. ಒಂದು ಕಡೆ ಕಡಿದುಹೋಗಿದ್ದರೆ ಅಲ್ಲಿ ಅಂಚು ತಗ್ಗಿದೆ ಅಥವಾ ಒಂದು ನಾಲಗೆ ಸಡಿಲ ಹಿಡಿದಿದೆ. ತಗ್ಗನ್ನು ನಿಧಾನವಾಗಿ ಎತ್ತಿ ಸರಿಮಾಡಬಹುದು. ಆದರೆ ಟ್ಯಾಂಕಿಗೆ ಜೋಡಿಸಿದ ಬಾಯಿಯ ಮೇಲೆ ಸುತ್ತಿಗೆ, ಅರ, ಬೆಸುಗೆ ಯಾವುದೂ ಕೂಡದು. ಬಿಚ್ಚಿ ಹೊರತಂದು ಮಾಡಿ.

ಪೆಟ್ರೋಲನ್ನು ಕಂಠಮಟ್ಟ ತುಂಬಿಸುವ ಅಭ್ಯಾಸ ಇದ್ದರೆ ಬಿಡಿ. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ನೆಲದಡಿಯ ತಂಪಿನಿಂದ ಬಂದ 75 ಲೀಟರ್, ಬಿಸಿಲಿಗೆ ನಿಂತ ಕ್ಯಾಬಿನಲ್ಲಿ 20 ಡಿಗ್ರಿ ಏರಿದರೆ ಹೆಚ್ಚುಕಮ್ಮಿ ಒಂದೂವರೆ ಲೀಟರ್ ಉಬ್ಬುತ್ತದೆ. ಅದಕ್ಕೆ ಜಾಗ ಇರದಿದ್ದರೆ ಎಂಥ ಒಳ್ಳೆಯ ವೆಂಟೆಡ್ ಮುಚ್ಚಳವೂ ತೊಟ್ಟಿಕ್ಕುತ್ತದೆ. ಬಾಯಿ ಎಡಗಡೆ ಇರುವುದರಿಂದ ಬಲಕ್ಕೆ ತಿರುಗಿದಾಗ ಪೆಟ್ರೋಲ್ ಎಡಕ್ಕೆ ನುಗ್ಗಿ ಮುಚ್ಚಳಕ್ಕೆ ಅಪ್ಪಳಿಸುತ್ತದೆ. ಹಳೆಯ ಸಿ-10ಗಳಲ್ಲಿ ಬಾಯಿಯ ಕೆಳಗೆ ಬಣ್ಣ ಮಾಸಿ ಹಳದಿ ಗೆರೆ ಇಳಿದಿರುವುದು ಇದರಿಂದಲೇ.

ಇನ್ನು ವಾಸನೆ. ಮುಚ್ಚಳ ಇರುವುದು ಕ್ಯಾಬಿನ ಹೊರಗೆ. ಕಿಟಕಿ ಮುಚ್ಚಿದ್ದಾಗಲೂ ಒಳಗೆ ವಾಸನೆ ಬರುತ್ತಿದ್ದರೆ ಮೂಲ ಒಳಗೇ ಇದೆ. ಬಾಯಿಯನ್ನು ಟ್ಯಾಂಕಿಗೆ ಸೇರಿಸುವ ದಪ್ಪ ರಬ್ಬರ್ ಹೋಸ್ ಮೊದಲು ನೋಡಿ, ಹಿಂಡಿದರೆ ಬಿರುಕು ತೆರೆದುಕೊಳ್ಳುತ್ತದೆ. ಆಮೇಲೆ ಟ್ಯಾಂಕಿನ ನೆತ್ತಿಯಲ್ಲಿ ಪೆಟ್ರೋಲ್ ಮಟ್ಟ ತೋರಿಸುವ ಗೇಜಿನ ಸೆಂಡರ್ ಕೂತ ಜಾಗದ ಗ್ಯಾಸ್ಕೆಟ್. ನಂತರ ಬಾಯಿ ಕ್ಯಾಬಿನ ತಗಡನ್ನು ಹಾದುಹೋಗುವಲ್ಲಿನ ರಬ್ಬರ್ ಬಳೆ. ಅದು ಹರಿದಿದ್ದರೆ ಹೊರಗೆ ಚೆಲ್ಲಿದ್ದೂ ಒಳಕ್ಕೆ ಬರುತ್ತದೆ. ಹೋಸನ್ನು ಪೆಟ್ರೋಲ್ ತುಂಬುವ ಕೆಲಸಕ್ಕೆಂದೇ ಮಾಡಿದ್ದು ತನ್ನಿ, ರೇಡಿಯೇಟರಿನದು ನಡೆಯುವುದಿಲ್ಲ. ಇದನ್ನು ಮುಂದಕ್ಕೆ ಹಾಕಬೇಡಿ. ವಾಸನೆ ಹೋಗುವವರೆಗೆ ಆ ಕ್ಯಾಬಿನಲ್ಲಿ ಮಕ್ಕಳನ್ನು ಕೂರಿಸಬೇಡಿ, ಸಿಗರೇಟು ಹೊತ್ತಿಸಬೇಡಿ.

ಎಲ್ಲ ಮುಗಿದ ಮೇಲೆ ಮುಕ್ಕಾಲು ಟ್ಯಾಂಕ್ ತುಂಬಿಸಿ, ಮೊದಲು ನಿಲ್ಲುತ್ತಿದ್ದ ದೂರವನ್ನು ದಾಟುವಷ್ಟು ಓಡಿಸಿ. ನಿಲ್ಲಿಸಿ ಮುಚ್ಚಳ ತೆರೆದಾಗ ಗಾಳಿ ಒಳನುಗ್ಗುವ ಸದ್ದಿಲ್ಲದಿದ್ದರೆ ಮುಚ್ಚಳದ ಕೆಲಸ ಸರಿಯಾಗಿದೆ. ಸದ್ದಿಲ್ಲದೆಯೂ ಎಂಜಿನ್ ನಿಂತಿತೆಂದರೆ ಟ್ಯಾಂಕಿನೊಳಗೆ ಪೈಪಿನ ತುದಿಗಿರುವ ಜಾಲರಿಯಲ್ಲಿ ತುಕ್ಕಿನ ಪುಡಿ ಕಟ್ಟಿರಬಹುದು, ಇಲ್ಲವೇ ಪಂಪಿನ ಹಿಂದಿನ ಮೆತ್ತಗಾದ ರಬ್ಬರ್ ಹೋಸ್ ಹೀರಿದಾಗ ಒಳಕ್ಕೆ ಅಂಟಿಕೊಳ್ಳುತ್ತಿರಬಹುದು. ಅಗ್ಗದ ಹೋಸನ್ನು ಮೊದಲು ಬದಲಿಸಿ, ಆಮೇಲೆ ಟ್ಯಾಂಕ್ ಇಳಿಸಿ.